ಮೊದಲು ಬಂದದ್ದು ಬೆಲ್ಟು

ನಮ್ಮವರ ಮಗನೊಬ್ಬ ಗಾಂಜಾ ಸೇದುತ್ತಾನೆ ಎಂಬ ಸುದ್ದಿ ಹೊರಬಿದ್ದ ದಿನ ಚಾಳಿನಲ್ಲೋ ಸೊಸೈಟಿಯಲ್ಲೋ ಕೇಳಿಬರುವ ಮೊದಲ ಮಾತು ಒಂದೇ: "ಮುಂಬಯಿ ಹುಡುಗನನ್ನು ಹಾಳು ಮಾಡಿತು ನೋಡಿ." ಎರಡನೆಯದು, "ಸಹವಾಸ ಸರಿ ಇಲ್ಲ." ಮೂರನೆಯದು, "ಊರಿಗೆ ಕಳಿಸಿಬಿಡಿ, ಅಲ್ಲಿ ಎರಡು ಬಿದ್ರೆ ಸರಿಹೋಗ್ತಾನೆ." ಈ ಮೂರು ಮಾತುಗಳನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಘಾಟ್‌ಕೋಪರಿನ ಚಾಳಿನಲ್ಲಿ ಕೇಳಿದ್ದೇನೆ, ಡೊಂಬಿವಲಿಯಲ್ಲಿ ಕೇಳಿದ್ದೇನೆ, ಈಚೆಗೆ ನವಿಮುಂಬಯಿಯಲ್ಲಿ ಹದಿನಾಲ್ಕನೇ ಮಾಳಿಗೆಯ ಫ್ಲ್ಯಾಟಿನಲ್ಲಿ, ಬಾದಾಮಿ ಹಾಲು ಕುಡಿಯುತ್ತಾ ಕೇಳಿದೆ. ಮನೆ ದೊಡ್ಡದಾಗಿದೆ, ಮಾತು ಮಾತ್ರ ಅದೇ. ಈ ಮಾತುಗಳಿಗೆ ನನ್ನ ತಕರಾರಿದೆ. ಅದನ್ನು ಸಂಘದ ವೇದಿಕೆಯಲ್ಲಿ ಹೇಳಲು ಯಾರೂ ಬಿಡುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ಹಗಲು ಒಂದು ಕಂಪೆನಿಯಲ್ಲಿ ಗುಮಾಸ್ತ, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಮಾಸ್ತರ. ಸಂಜೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಪಾಠ. ಈಗ ಆ ಶಾಲೆ ಇಲ್ಲ, ಮಕ್ಕಳಿಲ್ಲವೆಂದು ಮುಚ್ಚಿತು. ಆದರೆ ಇದ್ದಷ್ಟು ಕಾಲ ನಮ್ಮ ತರಗತಿಗೆ ಎರಡು ಜಾತಿಯ ಹುಡುಗರು ಬರುತ್ತಿದ್ದರು. ಒಂದು, ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆದು, ಕೈ ಒರೆಸಿಕೊಂಡು ಬರುವವರು. ಇನ್ನೊಂದು, ಹಗಲು ಶಾಲೆಯಲ್ಲಿ ನಪಾಸಾಗಿ, ಅಪ್ಪ ತಳ್ಳಿದ್ದಕ್ಕೆ ಬರುವ ಇಲ್ಲಿಯೇ ಹುಟ್ಟಿದ ಹುಡುಗರು. ಇಬ್ಬರಲ್ಲೂ ಗಾಂಜಾದ ಹುಡುಗರಿದ್ದರು. ಕಣ್ಣು ಕೆಂಪಗೆ, ಮಾತು ನಿಧಾನ, ಅಂಗಿಗೆ ಸುಟ್ಟ ಹುಲ್ಲಿನಂಥ ವಾಸನೆ. ಕಂಡುಹಿಡಿಯುವುದು ಕಷ್ಟವಲ್ಲ. ಯಾಕೆ ಸೇದುತ್ತಾನೆ ಎಂದು ಕೇಳುವುದು ಕಷ್ಟ, ಏಕೆಂದರೆ ಉತ್ತರ ಸಿಗುತ್ತದೆ.

ಹತ್ತನೇ ತರಗತಿಯ ಒಬ್ಬ ಹುಡುಗ, ಹದಿನಾರರ ಹತ್ತಿರ ವಯಸ್ಸು, ಒಂದು ಸಂಜೆ ಎಲ್ಲರೂ ಹೋದ ಮೇಲೆ ಹೇಳಿದ: "ಸರ್, ನಮ್ಮಪ್ಪ ರಾತ್ರಿ ಹನ್ನೊಂದೂವರೆಗೆ ಬರ್ತಾರೆ. ಜಿನೆ ಮೇಲೆ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಏನೋ ತಿರುಗ್ತದೆ. ಅದು ಸೇದಿದ್ರೆ ಸಪ್ಪಳ ಕೇಳ್ತದೆ, ಆದ್ರೆ ಹೊಟ್ಟೆ ತಿರುಗೋದಿಲ್ಲ." ಅಂಗಿ ಎತ್ತಿ ತೋರಿಸು ಎಂದು ನಾನು ಕೇಳಲಿಲ್ಲ, ಅವನೇ ತೋರಿಸಿದ. ಬೆಲ್ಟಿನ ಬಕಲ್ಲಿನ ಗುರುತು ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಕೆಲವು ಹೊಸದು, ಕೆಲವು ಎಷ್ಟು ಹಳೆಯದೆಂದರೆ ಹುಡುಗನ ಜೊತೆ ತಾವೂ ಬೆಳೆದು ಅಗಲವಾಗಿದ್ದವು. ಹೊಡೆತ ಶುರುವಾದದ್ದು ಅವನ ಆರನೇ ವರ್ಷದಲ್ಲಿ. ಗಾಂಜಾ ಸಿಕ್ಕಿದ್ದು ಹದಿನಾಲ್ಕರಲ್ಲಿ. ನಡುವಿನ ಎಂಟು ವರ್ಷ ಮುಂಬಯಿ ಅವನಿಗೆ ಏನೂ ಮಾಡಿರಲಿಲ್ಲ.

ಇನ್ನೊಬ್ಬ ಕ್ಯಾಂಟೀನಿನ ಹುಡುಗ. ಇದು ತೊಂಬತ್ತರ ದಶಕದ ಮಾತು. ಹೋಟೆಲು-ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಹದಿಮೂರರ ಮಾಣಿ ಎಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಹುಡುಗ ಮಲಗುತ್ತಿದ್ದುದು ಹೋಟೆಲಿನ ಅಟ್ಟದಲ್ಲಿ, ಎಂಟು ಹತ್ತು ಮಂದಿ ದೊಡ್ಡವರ ನಡುವೆ. ಅಲ್ಲಿ ರಾತ್ರಿ ಏನು ನಡೆಯುತ್ತಿತ್ತು ಎಂಬುದನ್ನು ಅವನು ಅರ್ಧ ವಾಕ್ಯದಲ್ಲಿ ಹೇಳಿ ನಿಲ್ಲಿಸಿದ, ನಾನೂ ಅರ್ಧದಲ್ಲೇ ನಿಲ್ಲಿಸುತ್ತೇನೆ. ಅಡಿಗೆಯವನೊಬ್ಬ ಕರುಣೆಯಿಂದಲೇ ಇರಬೇಕು, "ಇದನ್ನೊಂದು ದಮ್ಮು ಎಳಿ, ನಿದ್ದೆ ಬರ್ತದೆ" ಎಂದು ಚಿಲುಮೆ ಕೊಟ್ಟನಂತೆ. ನಿದ್ದೆ ಬಂತು. ಮರುದಿನವೂ ಬೇಕಾಯಿತು. ಅದರ ಮರುದಿನವೂ. ಹದಿನೇಳಕ್ಕೆ ಅವನು ತರಗತಿ ಬಿಟ್ಟ, ಕೆಲಸವೂ ಬಿಟ್ಟಿತು. ಆ ಹೋಟೆಲಿನ ಗಲ್ಲೆಯ ಮೇಲೆ ಕೂತವರು ನನಗೆ ಹೇಳಿದ್ದು: "ಮಾಸ್ತ್ರೆ, ಆ ಹುಡುಗ ದಂ ಹೊಡಿಯೋ ಚಟದವ. ನಿಮಗ್ಯಾಕೆ ಅವನ ಉಸಾಬರಿ?"

ಈಗ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆಗೆದು ನೋಡಿ. ರಜತ, ಸುವರ್ಣ, ವಜ್ರಮಹೋತ್ಸವ, ಯಾವುದಾದರೂ ಸರಿ. ಅದರಲ್ಲಿ ಒಂದು ಕಥೆ ತಪ್ಪದೆ ಇರುತ್ತದೆ, ಹೆಸರು ಮಾತ್ರ ಬೇರೆ. ಬಾಲ್ಯದಲ್ಲಿ ಬಡತನ, ಅಪ್ಪನದೋ ಮಾವನದೋ ಪೆಟ್ಟು ತಾಳಲಾರದೆ ಹನ್ನೊಂದನೆಯ ವಯಸ್ಸಿಗೆ ಊರು ಬಿಟ್ಟು ಓಡಿದ ಬಾಲಕ, ಮುಂಬಯಿಯಲ್ಲಿ ಗ್ಲಾಸು ತೊಳೆದು, ಫುಟ್‌ಪಾತಿನಲ್ಲಿ ಮಲಗಿ, ರಾತ್ರಿ ಶಾಲೆ ಕಲಿತು, ಇಂದು ಮೂರು ಹೋಟೆಲುಗಳ ಧನಿ. ಶಾಲು, ಪೇಟ, ಫಲಪುಷ್ಪ, ಸನ್ಮಾನಪತ್ರ. "ಆ ದಿನ ಅಪ್ಪ ಹೊಡೆಯದೇ ಇದ್ದಿದ್ದರೆ ನಾನು ಈ ಮಟ್ಟಕ್ಕೆ ಬರುತ್ತಿರಲಿಲ್ಲ" ಎಂಬ ಒಂದು ವಾಕ್ಯ, ಅದಕ್ಕೆ ಚಪ್ಪಾಳೆ. ಆ ಹಿರಿಯರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಅವರು ಕೊಟ್ಟ ದೇಣಿಗೆಯಿಂದಲೇ ನಮ್ಮ ರಾತ್ರಿ ಶಾಲೆ ನಡೆದದ್ದು. ಆದರೆ ಲೆಕ್ಕ ಸರಿಯಾಗಬೇಕಲ್ಲ! ಅದೇ ಬಸ್ಸಿನಲ್ಲಿ, ಅದೇ ಪೆಟ್ಟು ತಿಂದು ಬಂದ ಎಷ್ಟು ಹುಡುಗರು ಬಾಂದ್ರದ ಸೇತುವೆ ಕೆಳಗೆ, ವಿ.ಟಿ. ಸ್ಟೇಷನ್ನಿನ ಹಿಂದೆ ಉಳಿದುಹೋದರು? ಅವರಿಗೆ ಸ್ಮರಣ ಸಂಚಿಕೆಯಲ್ಲಿ ಪುಟವಿಲ್ಲ. ದಡ ಸೇರಿದವನನ್ನು ಮಾತ್ರ ಮಾತಾಡಿಸಿ, ಹೊಳೆ ಆಳವಿಲ್ಲ ಎಂದು ಬರೆದುಕೊಳ್ಳುವ ಜನ ನಾವು.

ಇನ್ನೊಂದು ವಿಷಯವನ್ನು ಆ ಸನ್ಮಾನಪತ್ರ ಹೇಳುವುದಿಲ್ಲ. ಪೆಟ್ಟು ತಿಂದು ಓಡಿಬಂದವರಲ್ಲಿ ಕೆಲವರು ಆ ಪೆಟ್ಟನ್ನು ಗಂಟು ಕಟ್ಟಿ ತಂದರು, ಇಲ್ಲಿ ಖೋಲಿ ಮಾಡಿಕೊಂಡ ಮೇಲೆ ತಮ್ಮ ಮಗನ ಬೆನ್ನ ಮೇಲೆ ಬಿಚ್ಚಿದರು. ಬೆಲ್ಟಿನ ಗುರುತು ತೋರಿಸಿದ ಹುಡುಗನ ಅಪ್ಪನೂ ಹಾಗೆ ಬಂದವರೇ. ಅವರನ್ನು ರಾಕ್ಷಸ ಎನ್ನಲು ನನಗೆ ಮನಸ್ಸಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದೂವರೆಯವರೆಗೆ ನಿಂತು ದುಡಿದ ಮನುಷ್ಯ. ಮಗ ಓದಲಿ ಎಂಬ ಆಸೆ ನಿಜವಾದದ್ದು. ಆದರೆ ಆ ಆಸೆಗೆ ಅವರಿಗೆ ಗೊತ್ತಿದ್ದ ಭಾಷೆ ಒಂದೇ.

"ನಾವೂ ಪೆಟ್ಟು ತಿಂದೇ ಬೆಳೆದದ್ದು, ನಮಗೇನಾಗಿದೆ?" ಎಂಬ ಪ್ರಶ್ನೆ ಈಗ ಬರುತ್ತದೆ, ಗೊತ್ತು. ಏನಾಗಿದೆ ಎಂದು ನಿಮ್ಮ ಹೆಂಡತಿಯನ್ನು ಕೇಳಿ ನೋಡಿ, ಸ್ವಾಮೀ. ರಾತ್ರಿ ಎರಡು ಪೆಗ್ಗು ಇಲ್ಲದೆ ಮಲಗಲಾರದವರು, ಮಗಳು ಜೋರಾಗಿ ನಕ್ಕರೂ ಸಿಡಿದೇಳುವವರು, ಅಣ್ಣತಮ್ಮಂದಿರ ಜೊತೆ ಹತ್ತು ವರ್ಷದಿಂದ ಮಾತಿಲ್ಲದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ! ಹಿರಿಯರದು ಬಾಟಲಿ, ಅಂಗಡಿಯಲ್ಲಿ ಪರವಾನಗಿ ಹಾಕಿ ಮಾರುತ್ತಾರೆ. ಹುಡುಗನದು ಪುಡಿಕೆ. ವ್ಯತ್ಯಾಸ ಅಷ್ಟೇ.

ಇದೆಲ್ಲ ನನ್ನ ಒಬ್ಬನ ಕಲ್ಪನೆ ಅಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದವರು. ಮನೆಯೊಳಗೇ ಹಿಂಸೆಗೆ ಸಿಕ್ಕವರಲ್ಲಿ ಶೇಕಡಾ 88ಕ್ಕೂ ಹೆಚ್ಚು ಮಂದಿಗೆ ಹೊಡೆದವರು ಹೆತ್ತವರೇ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದೋ ಒಂದು ರೀತಿಯ ಲೈಂಗಿಕ ಕಿರುಕುಳವನ್ನು ಹೇಳಿಕೊಂಡರು, ಅದರಲ್ಲಿ ಹುಡುಗರ ಪಾಲು ಹುಡುಗಿಯರಿಗಿಂತ ಕಡಿಮೆ ಇರಲಿಲ್ಲ. ಈ ಕೊನೆಯ ಮಾತನ್ನು ನಮ್ಮವರು ಇಂದಿಗೂ ನಂಬುವುದಿಲ್ಲ. "ಹುಡುಗನಿಗೇನು?" ಎನ್ನುತ್ತಾರೆ.

ಬಾಲ್ಯದ ಗಾಯಕ್ಕೂ ಮುಂದಿನ ಚಟಕ್ಕೂ ಇರುವ ನಂಟನ್ನು ಅಮೆರಿಕದ ವೈದ್ಯರು ಇನ್ನೂ ಮೊದಲೇ ಹಿಡಿದಿದ್ದರು. ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಎಂಬ ಇಬ್ಬರು ಸಂಗಡಿಗರೊಡನೆ ಸ್ಯಾನ್ ಡಿಯಾಗೋದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ಕೆದಕಿದರು. ಮೊದಲ ವರದಿ 1998ರಲ್ಲಿ ಬಂತು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಅಲಕ್ಷ್ಯ, ತಾಯಿಗೆ ಬೀಳುವ ಏಟು ನೋಡುವುದು, ಮನೆಯಲ್ಲಿ ಕುಡುಕರಿರುವುದು, ಇಂಥವುಗಳಿಗೆ ಒಂದೊಂದು ಅಂಕ ಕೊಟ್ಟು ಕೂಡಿಸಿದರು. 2003ರಲ್ಲಿ ಅದೇ ಅಧ್ಯಯನದಿಂದ ಹೊರಬಂದ ಲೆಕ್ಕ: ಐದು ಅಥವಾ ಹೆಚ್ಚು ಅಂಕದವರಲ್ಲಿ ಮಾದಕ ವಸ್ತುಗಳ ತೊಂದರೆಗೆ ಸಿಕ್ಕಿಕೊಳ್ಳುವ ಸಂಭವ, ಒಂದೂ ಇಲ್ಲದವರಿಗಿಂತ ಏಳರಿಂದ ಹತ್ತು ಪಟ್ಟು. ಗಾಂಜಾ ಒಂದರದೇ ಲೆಕ್ಕ ಅದಲ್ಲ, ಎಲ್ಲ ನಿಷಿದ್ಧ ಮಾದಕಗಳದ್ದು. ಒಂದೊಂದು ಅಂಕ ಏರಿದಂತೆ ಎಳೆ ವಯಸ್ಸಿನಲ್ಲೇ ಶುರುಮಾಡುವ ಸಂಭವವೂ ಏರುತ್ತಿತ್ತು. ಹಾಗೆಂದು ಪೆಟ್ಟು ತಿಂದ ಪ್ರತಿಯೊಬ್ಬನೂ ಸೇದುತ್ತಾನೆಂದು ಅರ್ಥವಲ್ಲ. ಸೇದುವ ಪ್ರತಿಯೊಬ್ಬನಿಗೂ ಮನೆಯಲ್ಲಿ ಪೆಟ್ಟು ಬಿದ್ದಿದೆ ಎಂದೂ ಅಲ್ಲ. ಮಳೆಯಲ್ಲಿ ನೆಂದವರೆಲ್ಲರಿಗೂ ಜ್ವರ ಬರುವುದಿಲ್ಲ. ಆದರೆ ದಿನಾ ಮಗುವನ್ನು ಮಳೆಯಲ್ಲಿ ನಿಲ್ಲಿಸಿ, ಜ್ವರ ಬಂದ ಮೇಲೆ ಪಕ್ಕದ ಮನೆಯ ಹುಡುಗನನ್ನು ಬೈದರೆ?

ಇದರ ಒಳಗಿನ ಕೆಲಸ ಹೇಗೆ ಎಂದು ಒಬ್ಬ ಡಾಕ್ಟರ ಮಿತ್ರರು ನನಗೆ ವಿವರಿಸಿದ್ದನ್ನು ತಿಳಿದಷ್ಟು ಹೇಳುತ್ತೇನೆ. ನಮ್ಮ ಮಿದುಳೇ ಗಾಂಜಾದ ಸತ್ತ್ವವನ್ನು ಹೋಲುವ ಕೆಲಸ ಮಾಡುವ ಒಂದು ವಸ್ತುವನ್ನು ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಜೆರುಸಲೇಮಿನಲ್ಲಿ ರಫಾಯಲ್ ಮೆಶೂಲಮ್ ಅವರ ಪ್ರಯೋಗಶಾಲೆಯಲ್ಲಿ ಅದನ್ನು ಕಂಡುಹಿಡಿದವರು ನಮ್ಮ 'ಆನಂದ' ಶಬ್ದವನ್ನೇ ತೆಗೆದುಕೊಂಡು ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟರು. ಹೆದರಿಕೆ ಬಂದಾಗ ಏರಿದ ಎದೆಬಡಿತವನ್ನು, ಕಾವನ್ನು ಮತ್ತೆ ಇಳಿಸುವ ಕೆಲಸದಲ್ಲಿ ಇದಕ್ಕೂ ಪಾಲಿದೆ. ಹಾವು ಕಂಡಿತು, ಬೆವೆತೆವು, ಹಾವು ಹೋಯಿತು, ತಣ್ಣಗಾದೆವು. ಆದರೆ ಹಾವು ಮನೆಯೊಳಗೇ ಇದ್ದರೆ? ದಿನಾ ಹನ್ನೊಂದೂವರೆಗೆ ಜಿನೆ ಹತ್ತಿ ಬರುವುದಾದರೆ? ಆ ಮಗುವಿನ ಕಾವು ಇಳಿಯುವುದೇ ಇಲ್ಲ. ಸದಾ ಕಿವಿ ನಿಮಿರಿಸಿಕೊಂಡಿರುವ ನಾಯಿಮರಿಯ ಹಾಗೆ ಬದುಕುತ್ತದೆ. ಅಂಥ ಹುಡುಗನಿಗೆ ಹದಿನಾಲ್ಕರಲ್ಲಿ ಯಾರೋ ಟೆರೇಸಿನ ಮೇಲೆ ಒಂದು ಜಾಯಿಂಟ್ ಕೊಡುತ್ತಾರೆ. ಉಳಿದ ಮೂವರು ಹುಡುಗರು ಕೆಮ್ಮಿ, ನಕ್ಕು, ಮರೆತುಬಿಡುತ್ತಾರೆ. ಇವನೊಬ್ಬ ಮರೆಯುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಳಗಿನ ಗದ್ದಲ ನಿಂತಿರುತ್ತದೆ. ನಾಲ್ವರೂ ಸೇದಿದ್ದು ಒಂದೇ ಪುಡಿಕೆಯ ಮಾಲು, ಸಹವಾಸವೂ ಒಂದೇ. ಸಹವಾಸವೇ ಕಾರಣವಾಗಿದ್ದರೆ ನಾಲ್ವರೂ ಸಿಕ್ಕಿಬೀಳಬೇಕಿತ್ತಲ್ಲ?

ಆಮೇಲಿನದು ಇನ್ನೂ ಕ್ರೂರ. ದಿನಾ ಸೇದುವವನು ಒಮ್ಮೆಲೇ ಬಿಟ್ಟರೆ ನಿದ್ದೆ ಹೋಗುತ್ತದೆ, ಊಟ ಸೇರುವುದಿಲ್ಲ, ಮುಟ್ಟಿದ್ದಕ್ಕೆಲ್ಲ ಸಿಟ್ಟು, ಕೆಟ್ಟ ಕನಸು. ಮೊದಲ ವಾರ ಜೋರು, ಎರಡು ಮೂರು ವಾರದಲ್ಲಿ ಬಹುತೇಕ ತಗ್ಗುತ್ತದೆ. ಇದು ನಮ್ಮ ತಂದೆತಾಯಿಗಳಿಗೆ ಗೊತ್ತಿಲ್ಲ. ಹುಡುಗ ಬಿಡಲು ಹೊರಟ ವಾರವೇ ಮನೆಯಲ್ಲಿ ತಟ್ಟೆ ಎಸೆಯುತ್ತಾನೆ, ಎದುರು ಮಾತಾಡುತ್ತಾನೆ. "ನೋಡಿ, ಎಷ್ಟು ಕೊಬ್ಬು!" ಎಂದು ಮತ್ತೆ ಬೆಲ್ಟು ಇಳಿಯುತ್ತದೆ. ಬಿಡಬೇಕೆಂದವನನ್ನು ನಾವೇ ಟೆರೇಸಿಗೆ ವಾಪಸು ಕಳಿಸುತ್ತೇವೆ.

ಎಳೆಯ ಓದುಗರಲ್ಲಿ ಕೆಲವರು ಇನ್ನೊಂದು ಬದಿಯಿಂದ ನನ್ನನ್ನು ಹಿಡಿಯುತ್ತಾರೆ. "ಅಂಕಲ್, ಗಾಂಜಾ ಏನೂ ಮಾಡಲ್ಲ, ದಾರುಗಿಂತ ವಾಸಿ, ಶಿವನೇ ಸೇದ್ತಾನೆ." ಶಿವನಿಗೆ ಹತ್ತನೇ ಪರೀಕ್ಷೆ ಇಲ್ಲ, ಮಾರಾಯ! ಇಪ್ಪತ್ತೈದರ ಹತ್ತಿರದವರೆಗೂ ಮಿದುಳು ಬೆಳೆಯುತ್ತಲೇ ಇರುತ್ತದೆ. ನ್ಯೂಜಿಲೆಂಡಿನ ಡುನೆಡಿನ್ ಊರಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನು ಬೆನ್ನುಬಿಡದೆ ನೋಡುತ್ತಾ ಬಂದವರು 2002ರಲ್ಲಿ ಹೇಳಿದ್ದು, ಹದಿನೈದರೊಳಗೆ ಶುರುಮಾಡಿದವರಲ್ಲಿ ಮುಂದೆ ಚಿತ್ತವಿಕಾರದ ಲಕ್ಷಣಗಳು ಹೆಚ್ಚು ಎಂದು. ಮೂವತ್ತರ ಸಾಫ್ಟ್‌ವೇರಿನವನು ಗೋವಾದಲ್ಲಿ ವರ್ಷಕ್ಕೊಮ್ಮೆ ಸೇದುವುದಕ್ಕೂ, ಹದಿನಾಲ್ಕರ ಹುಡುಗ ಹೆದರಿಕೆ ತಾಳಲಾರದೆ ದಿನಾ ಸೇದುವುದಕ್ಕೂ ಗಿಡ ಒಂದೇ ಇರಬಹುದು, ಕಥೆ ಬೇರೆ.

ಇನ್ನು "ಊರಿಗೆ ಕಳಿಸಿ" ಎಂಬ ಮಾತು. ನಾವು ಹೊರನಾಡಿನವರು ಊರನ್ನು ದೇವರ ಪಟದ ಹಾಗೆ ಗೋಡೆಗೆ ತೂಗುಹಾಕಿದ್ದೇವೆ. ಅಲ್ಲಿ ಎಲ್ಲವೂ ಶುದ್ಧ, ಕೆಟ್ಟದ್ದೆಲ್ಲ ಇಲ್ಲಿಯದು. ಮಂಗಳೂರು, ಮಣಿಪಾಲದ ಪತ್ರಿಕೆಗಳನ್ನು ಓದುವವರಿಗೆ ಗಾಂಜಾ ಊರಿಗೂ ಬಂದು ಎಷ್ಟೋ ಕಾಲವಾಯಿತೆಂದು ಗೊತ್ತು. ಊರಿನಲ್ಲಿ ಒಂದು ಅನುಕೂಲ ಇತ್ತು, ಅದನ್ನು ಒಪ್ಪುತ್ತೇನೆ. ಅಪ್ಪ ಕೈ ಎತ್ತಿದರೆ ಅಡಿಗೆಮನೆಯಿಂದ ಅಜ್ಜಿ ಓಡಿಬಂದು ನಡುವೆ ನಿಲ್ಲುತ್ತಿದ್ದಳು, ಮಗು ಓಡಿ ಚಿಕ್ಕಮ್ಮನ ಮನೆ ಸೇರುತ್ತಿತ್ತು. ಹತ್ತು ಹನ್ನೆರಡರ ಖೋಲಿಯಲ್ಲಿ ಓಡುವುದೆಲ್ಲಿಗೆ? ಪಕ್ಕದ ಮನೆಯ ಮರಾಠಿ ಮಾವ್ಶಿಗೆ ಅಳು ಕೇಳುತ್ತದೆ, ಬೈಗುಳ ಅರ್ಥವಾಗುವುದಿಲ್ಲ. "ತ್ಯಾಂಚ್ಯಾ ಘರಚೀ ಗೋಷ್ಟ" ಎಂದು ಸುಮ್ಮನಾಗುತ್ತಾಳೆ. ಫ್ಲ್ಯಾಟಿಗೆ ಹೋದ ಮೇಲೆ ಅಳುವೂ ಕೇಳುವುದಿಲ್ಲ. ತಾಯಿಗೆ ಇಲ್ಲಿ ತವರಿಲ್ಲ, ಹೇಳಿಕೊಳ್ಳಲು ಜನರಿಲ್ಲ, ಅವಳಿಗೂ ಎಷ್ಟೋ ಸಲ ಅದೇ ಬೆಲ್ಟು. ಪರಊರು ಮಗುವಿಗೆ ಮಾಡಿದ ಅನ್ಯಾಯ ಒಂದಿದ್ದರೆ ಅದು ಇದು, ನಡುವೆ ನಿಲ್ಲುವವರನ್ನು ತೆಗೆದುಹಾಕಿದ್ದು. ಅಂಥವರನ್ನು ಒದಗಿಸಲಿಕ್ಕಲ್ಲವೇ ಸಂಘ ಇರುವುದು? ನಾವು ಯಕ್ಷಗಾನ ತರಿಸುತ್ತೇವೆ, ಶನಿಪೂಜೆ ಮಾಡುತ್ತೇವೆ, ಅರಸಿನ ಕುಂಕುಮ ಮಾಡುತ್ತೇವೆ. ಎಲ್ಲವೂ ಇರಲಿ. ಅಳುವ ಮಗುವಿನ ಮನೆ ಬಾಗಿಲು ಬಡಿಯಲು ಒಂದು ಉಪಸಮಿತಿ ಮಾತ್ರ ಇಲ್ಲ.

ಜೂನ್ 26 ಬಂದರೆ ಮಾದಕ ವಸ್ತು ವಿರೋಧಿ ದಿನ. ಪೊಲೀಸ್ ಅಧಿಕಾರಿಯೊಬ್ಬರನ್ನು ಕರೆಸಿ ಭಾಷಣ, ಚಿತ್ರಕಲಾ ಸ್ಪರ್ಧೆ, ತಲೆಬುರುಡೆಯ ಬ್ಯಾನರು. ಟಿ.ವಿ.ಯವರದ್ದೂ ಅದೇ ಧಾಟಿ. 2020ರಲ್ಲಿ ಇಲ್ಲಿ ಹಿಂದಿ ಸಿನಿಮಾದವರು, ಬೆಂಗಳೂರಿನಲ್ಲಿ ಕನ್ನಡ ಸಿನಿಮಾದವರು, 2021ರಲ್ಲಿ ಹಡಗಿನ ಪಾರ್ಟಿ, ತಿಂಗಳುಗಟ್ಟಲೆ ಅದೇ ಚರ್ಚೆ. ಹಡಗಿನ ಪ್ರಕರಣದಲ್ಲಿ ಹೆಚ್ಚು ಹೆಸರು ಕೇಳಿಬಂದ ಹುಡುಗನ ಮೇಲೆ ಸಾಕ್ಷ್ಯವಿಲ್ಲವೆಂದು 2022ರ ಮೇ ತಿಂಗಳಲ್ಲಿ ಕೈಬಿಟ್ಟರು, ಅದು ಬೇರೆ ಮಾತು. ಸಿನಿಮಾದವರ ಮಕ್ಕಳ ಚಟ ನೋಡಿ ನಾಲಿಗೆ ಚಪ್ಪರಿಸಿದ ನಮಗೆ ಬಾಗಿಲ ಹಿಂದಿನ ಬೆಲ್ಟಿನ ನೆನಪಾಗಲಿಲ್ಲ.

ಕಾನೂನಿನ ಮಾತೂ ಹೀಗೇ. 1985ರ ಮಾದಕ ವಸ್ತು ಕಾಯಿದೆಯಲ್ಲಿ ಗಾಂಜಾ ಸೇದಿದವನಿಗೆ ಆರು ತಿಂಗಳವರೆಗೆ ಸಜೆ, ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಕೇಸಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತಾನೇ ಚಿಕಿತ್ಸೆಗೆ ಬಂದ ವ್ಯಸನಿಗೆ ಅದೇ ಕಾಯಿದೆಯಲ್ಲಿ ರಕ್ಷಣೆಯ ಕಲಮು ಇದೆ ಎಂಬುದು ಯಾರಿಗೂ ಗೊತ್ತಿಲ್ಲ. 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮಿನಲ್ಲಿ, ತನ್ನ ವಶದಲ್ಲಿರುವ ಮಗುವಿಗೆ ಹೊಡೆದು ಬಡಿದು ಅನಗತ್ಯ ನೋವು ಕೊಟ್ಟವರಿಗೆ ಮೂರು ವರ್ಷದವರೆಗೆ ಸಜೆ, ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಇದೆ ಎಂದರೆ ಜನ ನಗುತ್ತಾರೆ. "ನನ್ನ ಮಗ, ನಾನು ಹೊಡಿತೇನೆ, ಕೇಳೋದಕ್ಕೆ ನೀವ್ಯಾರು?" ಹೊಗೆಗೆ ಆರು ತಿಂಗಳು, ಬೆಲ್ಟಿಗೆ ಮೂರು ವರ್ಷ. ಸರಕಾರ ಕೂಡಾ ತೂಕದ ಕಲ್ಲು ಎಲ್ಲಿಡಬೇಕೆಂದು ತಿಳಿದಿದೆ, ನಮಗೆ ತಿಳಿದಿಲ್ಲ. ಅಪ್ಪಂದಿರನ್ನೆಲ್ಲ ಜೈಲಿಗೆ ಹಾಕಿ ಎನ್ನುತ್ತಿಲ್ಲ. ಜೈಲಿಗೆ ಹೋದರೆ ಮನೆ ನಡೆಸುವವರು ಯಾರು, ಆ ಹುಡುಗನೇ ತಾನೇ? ಆದರೆ ಇದು ಅಪರಾಧ ಎಂಬ ಅರಿವಾದರೂ ಬೇಕು.

ಹಣವಿದ್ದ ಕೆಲವರು ಮಗನನ್ನು ಖಾಸಗಿ ನಶಾಮುಕ್ತಿ ಕೇಂದ್ರಕ್ಕೆ ಸೇರಿಸುತ್ತಾರೆ. ಒಳ್ಳೆಯವು ಇವೆ. ಕಟ್ಟಿಹಾಕಿ ಬಡಿಯುವಂಥವೂ ಇವೆ. ಪೆಟ್ಟಿನ ರೋಗಕ್ಕೆ ದುಡ್ಡು ಕೊಟ್ಟು ಪೆಟ್ಟೇ ಕೊಡಿಸಿದ ಹಾಗಾಯಿತು. ನಾನು ನೋಡಿದಂತೆ ಹುಡುಗರು ಬಿಟ್ಟದ್ದು ಬೇರೆ ರೀತಿಯಲ್ಲಿ. ಚಪ್ಪಲಿ ಸಪ್ಪಳದ ಹುಡುಗನನ್ನು ಅವನ ಸೋದರಮಾವ ಠಾಣೆಯ ತಮ್ಮ ಮನೆಗೆ ಕರೆದೊಯ್ದರು. ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ವಾರಕ್ಕೊಮ್ಮೆ ಹೋದ. ನಡುವೆ ಎರಡು ಸಲ ಮತ್ತೆ ಸೇದಿದ. ಮಾವ ಕೂಗಾಡಲಿಲ್ಲ, ಊಟಕ್ಕೆ ಕಾದು ಕೂತರು. ಒಂದೂವರೆ ವರ್ಷ ಹಿಡಿಯಿತು. ಈಗ ಅವನು ಏ.ಸಿ. ರಿಪೇರಿಯ ಕೆಲಸ ಮಾಡುತ್ತಾನೆ. ಅಪ್ಪನ ಜೊತೆ ಮಾತು ಅಷ್ಟಕ್ಕಷ್ಟೆ. ಅಟ್ಟದ ಮೇಲೆ ಮಲಗುತ್ತಿದ್ದ ಇನ್ನೊಬ್ಬನಿಗೆ ಈ ಮುಂಬಯಿಯಲ್ಲಿ ಸೋದರಮಾವ ಇರಲಿಲ್ಲ. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.

ಮಕ್ಕಳ ಸಹಾಯವಾಣಿ 1098 ಹುಟ್ಟಿದ್ದೇ ನಮ್ಮ ಮುಂಬಯಿಯಲ್ಲಿ, 1996ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ. ಈಗ ಸರಕಾರವೇ ನಡೆಸುತ್ತದೆ. ಕರೆಗೆ ದುಡ್ಡಿಲ್ಲ. ನಮ್ಮ ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಈ ನಾಲ್ಕು ಅಂಕಿಗಳನ್ನು, ಕೆಳಗೆ "ಮನೆಯಲ್ಲಿ ಯಾರಾದರೂ ನೋಯಿಸಿದರೆ" ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಎಂದು ಕಾರ್ಯಕಾರಿ ಸಮಿತಿಯಲ್ಲಿ ಕೇಳಿದೆ. ಆ ಜಾಗದಲ್ಲಿ ಒಂದು ಸಹಕಾರಿ ಬ್ಯಾಂಕಿನ ಜಾಹೀರಾತು ಇದೆಯಂತೆ. ಬೇರೆ ಜಾಗ ಕೊಡಿ ಎಂದೆ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡು, "ಮಾಸ್ತ್ರೆ, ಮಂಗಳ ಕಾರ್ಯದ ಕಾಗದದಲ್ಲಿ ಇಂಥದ್ದು ಹಾಕಿದ್ರೆ ನಮ್ಮ ಸಮಾಜದ ಮರ್ಯಾದೆ ಏನಾದೀತು?" ಎಂದರು. ಮುಂದಿನ ಸಭೆ ಗಣೇಶೋತ್ಸವದ ನಂತರ ಇದೆ. ಕಾರ್ಯಸೂಚಿಯಲ್ಲಿ ಸೇರಿಸಿ ಎಂದು ಈ ಸಲ ಬರೆದೇ ಕೊಟ್ಟಿದ್ದೇನೆ.